ನಾನೇ ಆಡಿದ ಜಗಳ

ಚಾಮರಾಜಪುರಂ, ಮೈಸೂರು
12 ನವೆಂಬರ್ 2024

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಸುಮಿತ್ರಳ ನಮಸ್ಕಾರ. ದಸರಾಕ್ಕೆ ಮೊದಲು ಬಂದ ನಿನ್ನ ಪತ್ರಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೇಸರಪಟ್ಟುಕೊಳ್ಳಬೇಡ. ಫೋನ್ ಮಾಡೋಣವೆಂದರೆ ನಿನಗೆ ಸರಿಯಾಗಿ ಕೇಳಿಸುವುದಿಲ್ಲ. ಬರೆಯೋಣವೆಂದರೆ ನನಗೆ ಪುರಸೊತ್ತಿರಲಿಲ್ಲ. ಕಾರಣ, ಈ ವಯಸ್ಸಿನಲ್ಲಿ ನಾನು ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದೇನೆ. ನಗು ಬಂದರೆ ನಕ್ಕುಬಿಟ್ಟು ಮುಂದೆ ಓದು.

ಭಾವನವರ ಮಂಡಿ ನೋವು ಈಗ ಹೇಗಿದೆ? ನಮ್ಮ ಮನೆಯವರು ಸಕ್ಕರೆ ಬಿಟ್ಟಿದ್ದಾರೆ, ಅಂದರೆ ನನ್ನ ಕಣ್ಣೆದುರಿಗೆ ತಿನ್ನುವುದಿಲ್ಲ. ಕಾರ್ನರ್ ಬೇಕರಿಯವನು ಇವರನ್ನು ಕಂಡರೆ ಈಗಲೂ ಎದ್ದು ನಿಲ್ಲುತ್ತಾನೆ.

ವಿಜಿ ಅಸ್ಸಾಮಿನ ಜೋನಾಲಿಯನ್ನು ಮದುವೆಯಾಗಿ ಮನೆಗೆ ಕರೆತಂದಾಗ ನೀನು ಕೇಳಿದ್ದೆಯಲ್ಲ, "ಅವ್ಳಿಗೆ ಕನ್ನಡ ಬರಲ್ಲ, ನಿಂಗೆ ಅವಳ ಭಾಷೆ ಬರಲ್ಲ, ಎಂಗೆ ಬಾಳ್ವೆ ಮಾಡ್ತೀರೇ?" ಎಂದು. ವಿಜಿ ಇದ್ದಾನಲ್ಲ, ಹೇಳಿಕೊಡುತ್ತಾನೆ ಎಂದಿದ್ದೆ. ಹಾಗೆಯೇ ನಡೆಯುತ್ತಿತ್ತು ಕೂಡ. ಊಟ ಆಯ್ತಾ, ಬನ್ನಿ, ಸಾಕು ಎನ್ನುವಷ್ಟು ಕನ್ನಡ ಅವಳು ಕಲಿತಳು. ನನಗೂ ಕುಕ್ಕರ್, ಗ್ಯಾಸ್, ಸ್ವಿಚ್, ಚೆಕ್ ಎಂದು ವಸ್ತುಗಳ ಇಂಗ್ಲಿಷ್ ಗೊತ್ತಿತ್ತು. ಮನಸ್ಸಿನ ಮಾತೆಲ್ಲ ವಿಜಿಯ ಬಾಯಿಂದಲೇ ದಾಟಬೇಕಿತ್ತು. ಆದರೆ ನಾನು ಉದ್ದಕ್ಕೆ ಹೇಳಿದ್ದನ್ನು ಅವನು ಎರಡೇ ಪದದಲ್ಲಿ ಮುಗಿಸುತ್ತಿದ್ದ. ಅವಳು ಮುಖ ಕೆಂಪಗೆ ಮಾಡಿಕೊಂಡು ಹೇಳಿದ್ದು ನನ್ನ ಕಿವಿಗೆ "ಸುಸ್ತಾಗಿದ್ಯಂತಮ್ಮ" ಎಂದು ಬರುತ್ತಿತ್ತು.

ವಿಜಯದಶಮಿ ಆದ ಮಾರನೆಯ ದಿನ ವಿಜಿ ನೆಲ ನೋಡಿಕೊಂಡು ಹೇಳಿದ, "ಬೋಗಾದೀಲಿ ಒಂದು ಬಾಡಿಗೆ ಮನೆ ನೋಡಿದೀವಮ್ಮ. ಅವಳು ಕೆಲಸ ಮಾಡೋ ಲ್ಯಾಬಿಗೆ ಹತ್ರ." ಪಕ್ಕದಲ್ಲಿ ನಿಂತಿದ್ದ ಜೋನಾಲಿಯ ಕಣ್ಣು ಊದಿತ್ತು. "ಯಾಕೋ ಅತ್ತವ್ಳೆ?" ಎಂದೆ. "ಏನಿಲ್ಲಮ್ಮ, ನೆಗಡಿ." ತೌರು ಬಿಟ್ಟು ಅಷ್ಟು ದೂರದಿಂದ ಬಂದ ಹುಡುಗಿ ಈ ಮನೆಯನ್ನೂ ಬಿಟ್ಟು ಹೋಗುವಷ್ಟು ನಾನು ಏನು ಮಾಡಿದೆ? ಅದನ್ನು ಅವಳ ಬಾಯಿಂದಲೇ ಕೇಳಬೇಕು, ಅವಳು ಹೋಗುವುದರೊಳಗೆ ಕೇಳಬೇಕು ಎಂದು ತೀರ್ಮಾನ ಮಾಡಿದೆ.

ನಮ್ಮ ರಸ್ತೆಯ ಸ್ಟೇಷನರಿ ಅಂಗಡಿಯ ಮಹಡಿಯ ಮೇಲೆ ಸುಚಿತ್ರಾ ಎಂಬ ಹುಡುಗಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತಾಳೆ. ಕೆಲಸ ಹುಡುಕುವ ಹುಡುಗರ ನಡುವೆ ಹೋಗಿ ಕೂತೆ. "ಆಂಟಿ, ನಿಮ್ಗೆ ಯಾವುದರಿಂದ ಶುರು ಮಾಡ್ಲಿ? ಬ್ಯಾಂಕಲ್ಲಿ ಮಾತಾಡೋದಾ, ಏರ್‌ಪೋರ್ಟಲ್ಲಾ?" ಎಂದು ಕೇಳಿದಳು.

"ಎರಡೂ ಬ್ಯಾಡ ಕಣಮ್ಮ. ಸೊಸೆ ಮೇಲೆ ಕೋಪ ಬಂದ್ರೆ ಏನನ್ಬೇಕು, ಅವಳು ಅತ್ರೆ ಏನ್ ಕೇಳ್ಬೇಕು, ಅದನ್ ಹೇಳ್ಕೊಡು."

ಹುಡುಗರೆಲ್ಲ ನಕ್ಕರು. ಸುಚಿತ್ರಾ ನಗಲಿಲ್ಲ. ಅಂದಿನಿಂದ ನನಗಾಗಿ ದಿನಕ್ಕೆ ಒಂದಿಷ್ಟು ಮನಸ್ಸಿನ ಪದ, ಒಂದಿಷ್ಟು ನಡವಳಿಕೆಯ ಪದ. ಮುಖ ಊದಿಸಿಕೊಂಡು ಕೂರುವುದು ಸಲ್ಕಿಂಗ್. ತೌರು ನೆನೆದು ಕೊರಗುವುದು ಹೋಮ್‌ಸಿಕ್. ಎಲ್ಲರೂ ಒಳಗಿದ್ದು ತಾನೊಬ್ಬಳೇ ಹೊರಗುಳಿದ ಹಾಗೆ ಅನ್ನಿಸುವುದು ಲೆಫ್ಟ್ ಔಟ್. ಎಲ್ಲದರಲ್ಲೂ ಯಜಮಾನಿಕೆ ಮಾಡುವವರು ಬಾಸಿ. ಈ ಕೊನೆಯದನ್ನು ಕಲಿತಾಗ ಎದುರು ಮನೆಯಾಕೆಯ ನೆನಪಾಗಿ ಖುಷಿಯಾಯಿತು. ಪಾತ್ರೆ ತೊಳೆಯುತ್ತಾ ಬಾಯಿಪಾಠ ಮಾಡುತ್ತಿದ್ದರೆ ಇವರು ಹಜಾರದಿಂದ, "ಅಡುಗೆಮನೇಲಿ ಇಂಟರ್‌ವ್ಯೂ ಇಟ್ಟವ್ರೇನೇ?" ಎಂದು ರೇಗಿಸುತ್ತಿದ್ದರು.

ಮೊನ್ನೆ ಭಾನುವಾರ ಜೋನಾಲಿ ತನ್ನೂರಿನ ಹುಳಿ ಮೀನುಸಾರು ಮಾಡುತ್ತಿದ್ದಳು. ವಿಜಿ ಸ್ನಾನಕ್ಕೆ ಹೋಗಿದ್ದ. ನಾನು ಎಂದಿನಂತೆ ಹೋಗಿ ಅವಳ ಕೈಯಿಂದ ಸೌಟು ತೆಗೆದುಕೊಂಡೆ. ಅವಳು ಒಲೆ ಸಣ್ಣ ಮಾಡಿ ರೂಮಿನ ಕಡೆ ಹೊರಟಳು. ನಾನು ಕೇಳಿಯೇಬಿಟ್ಟೆ: "ಜೋನಾಲಿ, ವೈ ಆರ್ ಯು ಸಲ್ಕಿಂಗ್?"

ಅವಳು ತಿರುಗಿ ನಿಂತಳು. "ಐ ಆಮ್ ನಾಟ್ ಸಲ್ಕಿಂಗ್. ಐ ಆಮ್ ಹರ್ಟ್." ಆಮೇಲೆ ಮಳೆ ಸುರಿದ ಹಾಗೆ ಇಂಗ್ಲಿಷ್. ನಾನು ಕೈಯೆತ್ತಿ "ಸ್ಲೋಲಿ, ಸ್ಲೋಲಿ" ಎಂದೆ. ಅಕ್ಕ, ಆ ಹುಡುಗಿ ಅಷ್ಟು ಕೋಪದಲ್ಲೂ ನನಗೋಸ್ಕರ ಒಂದೊಂದೇ ಪದ ಬಿಡಿಸಿ ಬೈದಳು. ಪ್ರತಿ ಸಲವೂ ಸೌಟು ಕಿತ್ತುಕೊಳ್ಳುತ್ತೀರಿ, ನನ್ನ ಕೈಯಡುಗೆ ಮೇಲೆ ನಿಮಗೆ ನಂಬಿಕೆಯಿಲ್ಲ, ಯು ಆರ್ ಬಾಸಿ ಎಂದಳು. ಎದುರು ಮನೆಯಾಕೆಗೆಂದು ಇಟ್ಟಿದ್ದ ಪದ ನನಗೇ ಬಂತು.

ನಾನೂ ಬಿಡಲಿಲ್ಲ. ನೀನು ಬಾಗಿಲು ಹಾಕಿಕೊಂಡು ಕೂರುತ್ತೀಯ, ನನ್ನದೇ ಮನೆಯಲ್ಲಿ ಐ ಫೀಲ್ ಲೆಫ್ಟ್ ಔಟ್ ಎಂದೆ. ಅವಳ ದನಿ ಇಳಿಯಿತು. ಬಾಗಿಲು ಹಾಕುವುದು ತಾಯಿಯ ಜೊತೆ ಫೋನಿನಲ್ಲಿ ಮಾತಾಡಿ ಅಳುವುದಕ್ಕಂತೆ. ಅವಳು ಅಳುವುದನ್ನು ನೋಡಿದರೆ ನನಗೆ ನೋವಾಗುತ್ತದೆಂದು ವಿಜಿ ಹೇಳಿದ್ದನಂತೆ.

"ನಾನು ಸೌಟು ತಗೊಂಡಿದ್ದು ನೀನು ಟಯರ್ಡ್ ಅಂತ" ಎಂದೆ, ಅರ್ಧ ಇಂಗ್ಲಿಷಿನಲ್ಲಿ.

"ಟಯರ್ಡ್? ಹೂ ಸೆಡ್?"

"ವಿಜಿ ಸೆಡ್. ಎವೆರಿ ಡೇ ವಿಜಿ ಸೆಡ್."

ಇಬ್ಬರೂ ಬಚ್ಚಲಮನೆಯ ಬಾಗಿಲು ನೋಡಿದೆವು. ತಲೆಗೆ ಟವೆಲ್ ಸುತ್ತಿಕೊಂಡು ವಿಜಿ ಓಡಿ ಬಂದ. "ಏನಂತಮ್ಮ? ಏನಂದ್ಳು? ಇರು, ನಾನ್ ಹೇಳ್ತೀನಿ."

"ನೀನು ಸುಮ್ನಿರು" ಎಂದಳು ಜೋನಾಲಿ, ಅಚ್ಚ ಕನ್ನಡದಲ್ಲಿ.

"ಏನೇ ಅದು ಗಲಾಟೆ?" ಎಂದು ಇವರು ಪೇಪರ್ ಹಿಡಿದುಕೊಂಡೇ ಕೂಗಿದರು. "ಜಗಳ ಕಣ್ರೀ. ನಾನೇ ಆಡ್ತಿದೀನಿ" ಎಂದೆ. ಎಸ್ಸೆಸ್ಸೆಲ್ಸಿ ಪಾಸಾದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ನನ್ನ ಮಾತಿಗೆ ನನಗೇ ಉತ್ತರ ಬಂದಿತ್ತು, ನಡುವೆ ಯಾರೂ ಇರಲಿಲ್ಲ.

ಸಾರನ್ನು ಅವಳೇ ಮುಗಿಸಿದಳು. ನಾನು ಕೈ ಕಟ್ಟಿಕೊಂಡು ನಿಂತಿದ್ದೆ, ಅದೇ ದೊಡ್ಡ ಕಷ್ಟ. ಉಪ್ಪು ಸ್ವಲ್ಪ ಕಡಿಮೆ ಎಂದೆ. "ಬಾಸಿ" ಎಂದು ನಕ್ಕು ಉಪ್ಪಿನ ಡಬ್ಬ ನನ್ನ ಕೈಗೆ ಕೊಟ್ಟಳು. ಬೋಗಾದಿಗೆ ಹೋಗುವ ವಿಚಾರ ಯುಗಾದಿಯವರೆಗೆ ಮುಂದೆ ಹೋಗಿದೆ. ಆಗ ಹೋದರೂ ಹೋಗಲಿ. ಏಕೆ ಹೋಗುತ್ತಿದ್ದೇನೆಂದು ನನ್ನ ಮುಖ ನೋಡಿ ಹೇಳಿಯೇ ಹೋಗುತ್ತಾಳೆ. ಸುಚಿತ್ರಾಗೆ ವಿಷಯ ತಿಳಿಸಿದೆ. ಕ್ಲಾಸಿನ ಹುಡುಗರು ಚಪ್ಪಾಳೆ ತಟ್ಟಿದರು.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಮೊಮ್ಮಕ್ಕಳು ಚೆನ್ನಾಗಿ ಓದಿ, ಜಗಳವಾಡಿ, ಮತ್ತೆ ಕೂಡಿ ಆಡಿಕೊಂಡಿರಲಿ. ತಾಯಿ ಚಾಮುಂಡಿ ನಿಮ್ಮನ್ನೆಲ್ಲ ಕಾಪಾಡಲಿ.

ನಿನ್ನ ತಂಗಿ,
ಸುಮಿತ್ರ

ವಿ.ಸೂ.: ಕವರು ಅಂಟಿಸುವ ಮೊದಲು ಇದನ್ನೂ ಬರೆಯಬೇಕು. ಹೋದ ವರ್ಷ ಅಮ್ಮ ಆಸ್ಪತ್ರೆಯಲ್ಲಿದ್ದಾಗ ನೀನು ನನಗೆ ತಿಳಿಸಲಿಲ್ಲ. "ಸುಮಿಗೆ ಬಿ.ಪಿ. ಅದೆ, ಗಾಬರಿ ಆಗ್ತಾಳೆ" ಎಂದು ಬೇರೆಯವರನ್ನೂ ತಡೆದೆಯಂತೆ. ನಾನು ನರಸೀಪುರಕ್ಕೆ ಬರುವ ಹೊತ್ತಿಗೆ ಅಮ್ಮನನ್ನು ಹಜಾರದಲ್ಲಿ ಮಲಗಿಸಿ ಹೂವು ಹಾಕಿದ್ದರು. ನೀನು ನನ್ನ ಒಳ್ಳೆಯದಕ್ಕೇ ಮಾಡಿದೆ, ಬಲ್ಲೆ. ವಿಜಿಯೂ ಒಳ್ಳೆಯದಕ್ಕೇ ಮಾಡಿದ್ದ. ಅಂದಿನಿಂದ ಪ್ರತಿ ಪತ್ರದಲ್ಲೂ ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದೆ. ಈ ಸಲ ಬರೆದಿಲ್ಲ, ಗಮನಿಸಿರುತ್ತೀಯ. ನನಗೆ ನಿನ್ನ ಮೇಲೆ ಕೋಪವಿದೆ ಅಕ್ಕ. ಅಮ್ಮ ಕೊನೆಗೆ ನನ್ನನ್ನು ಕೇಳಿದಳೇ? ಇದ್ದದ್ದನ್ನು ಇದ್ದ ಹಾಗೆ ಬರೆ. ಮೆತ್ತಗೆ ಮಾಡಿ ಬರೆಯಬೇಡ.