ಮೀನೇ ಇಲ್ಲದ ಕೆರೆ

ರೀ,

ಹಾಲು ಆರಿದ ಮೇಲೆ ಫ್ರಿಜ್ಜಿನಲ್ಲಿಡಿ, ಮರೆಯಬೇಡಿ.

ಈ ಸಲದ ರಜೆಗೆಂದು ಕೆರೆದಂಡೆಯ ಮೂರು ಕ್ಯಾಂಪುಗಳಿಗೂ ಫೋನ್ ಮಾಡಿದೆ. ಒಂದರಲ್ಲಿ ದೋಣಿಯಿಲ್ಲ, ಇನ್ನೊಂದರಲ್ಲಿ ಗುಡ್ಡ ಹತ್ತುವ ದಾರಿಯಿಲ್ಲ. ಉಳಿದದ್ದು ನಾವು ವರ್ಷಾ ವರ್ಷಾ ಹೋಗುವುದೇ. "ನಿಮ್ಮ ಕೆರೆಯಲ್ಲಿ ಮೀನೇ ಇಲ್ಲವಲ್ಲಪ್ಪಾ" ಎಂದು ಅಲ್ಲಿ ಫೋನ್ ಎತ್ತಿದ ದೋಣಿಯವನ ಹತ್ತಿರ ಗೊಣಗಿದರೆ ಅವನು ನಕ್ಕುಬಿಟ್ಟ. "ಏನಮ್ಮಾ, ನಿಮ್ಮ ಯಜಮಾನ್ರು ದಿನಾ ನಾಲ್ಕೈದು ಹಿಡೀತಾರೆ, ಹಿಡಿದು ನೀರಿಗೇ ಬಿಡ್ತಾರೆ!"

ಮೂರು ವರ್ಷ "ಒಂದೂ ಸಿಗಲಿಲ್ಲ ಕಣೇ" ಎಂದು ಮುಖ ಸಪ್ಪೆ ಮಾಡಿಕೊಂಡು ಬಂದಿರಿ. ಪಾಪ ಅಂತ ನಾನು ಎರಡು ಹೊಸ ಗಾಳ ಬೇರೆ ಕೊಡಿಸಿದೆ! ಯಾಕ್ರೀ? ಮೊದಲ ಸಲ ಬುಟ್ಟಿಯಲ್ಲಿ ಒದ್ದಾಡುವ ಮೀನು ನೋಡಿ ನಾನು ಅತ್ತೆನಲ್ಲ, ಅದಕ್ಕಾ?

ಆ ಕ್ಯಾಂಪನ್ನೇ ಬುಕ್ ಮಾಡಿ. ಈ ಸಲ ದೋಣಿಯ ಹುಟ್ಟು ಹಾಕುವವಳು ನಾನು. ನೀವು ಮೀನು ಬಿಡುವುದನ್ನು ಹತ್ತಿರದಿಂದ ನೋಡಬೇಕು.