ಇನಾಗಾಕಿ ಅಜ್ಜನ ಕಾಲು

ಜನವರಿ 12, ಬೆಳಿಗ್ಗೆ

ಮತ್ತೆ ಅದೇ. ಟವೆಲ್ ಮಡಿಸು, ನೀರಿನ ಬಿಸಿ ನೋಡು, ಬಾಗಿ ವಂದಿಸು. ಹಾಲು ಚಹಾಕ್ಕೆ ನಮ್ಮೂರಿನಂತೆ ಉಪ್ಪು ಹಾಕಿಕೊಂಡೆ. ಹಾಸ್ಟೆಲಿನ ಹುಡುಗಿಯರು ಮುಖ ಕಿವುಚಿದರು. ಅತ್ತ ಮಂಗೋಲಿಯಾದಲ್ಲಿ, ಉಲಾನ್‌ಬಾತರಿನಲ್ಲಿ ನಮ್ಮ ಹೊಸ ವೃದ್ಧಾಶ್ರಮದ ಗೋಡೆ ಇನ್ನೂ ಏಳುತ್ತಿದೆಯಂತೆ. ಬೇಸಿಗೆಯಲ್ಲಿ ಅದು ತೆರೆದಾಗ ಸೂಪರ್‌ವೈಸರ್ ನಾನೇ. ಈ ಜಪಾನಿನ ವೃದ್ಧಾಶ್ರಮದವರು ನನ್ನನ್ನು ಟ್ರೈನಿಂಗಿನಲ್ಲಿ ಪಾಸು ಮಾಡಿದರೆ... ಕಾಲೇಜಿನಲ್ಲಿ ಕಾವ್ಯ ವಿಭಾಗ ಮುಚ್ಚಿದ ಮೇಲೆ, ನಲವತ್ತೆಂಟರ ಎಂ.ಎ. ಹೆಂಗಸಿಗೆ ಸಿಕ್ಕ ಒಂದೇ ಕೆಲಸ.

ಹೊರಗೆ ಹಿಮ. ನಮ್ಮೂರಿನ ಚಳಿ ಒಣ. ಇಲ್ಲಿಯದು ಒದ್ದೆ, ಬಟ್ಟೆಯೊಳಗೇ ಬಂದು ಕೂರುತ್ತದೆ.

ಅದೇ ದಿನ, ಸಂಜೆ

ಆಗಬಾರದ್ದು ಆಯಿತು. ಇನಾಗಾಕಿ ಅಜ್ಜನನ್ನು ವೀಲ್‌ಚೇರಿನಿಂದ ಸ್ನಾನದ ಕುರ್ಚಿಗೆ ಕೂರಿಸುವಾಗ ಅವರ ಪಾದ ತುಳಿದೆ. ಹಗುರವಾಗಿಯೇ. ಆದರೆ ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವರ ಕೈ ಹಿಡಿದು ಕುಲುಕಿಬಿಟ್ಟೆ. ನಮ್ಮಲ್ಲಿ ಕಾಲಿಗೆ ಕಾಲು ತಾಗಿದರೆ ಆ ಕ್ಷಣವೇ ಕೈ ಕುಲುಕಬೇಕು, ಇಲ್ಲದಿದ್ದರೆ ಜಗಳ ಉಳಿಯುತ್ತದೆ. ಬಸ್ಸಿನಲ್ಲಿ ಗುರುತಿಲ್ಲದವರಿಗೂ ಹಾಗೆಯೇ. ಅಜ್ಜ ಬೆಚ್ಚಿ ಕೈ ಕಿತ್ತುಕೊಂಡರು. ಸೋಪಿನ ಡಬ್ಬಿ ಉರುಳಿತು.

ತರಬೇತಿ ಕೊಡುವ ಕುವಾಬಾರಾ ಮೇಡಂ ಹೊರಗೆ ಕರೆದರು.

"ತುಳಿದಿದ್ದೂ ಅಲ್ದೆ ಕೈ ಬೇರೆ ಕುಲುಕ್ತೀರಾ, ದೆಲ್ಗೆರ್ ಅವರೇ? ಹೇಳದೆ ಮುಟ್ಟಬಾರದು ಅಂತ ಮೊದಲನೇ ದಿನಾನೇ ಹೇಳಿದ್ದೆ."

"ನಮ್ಮಲ್ಲಿ ಕ್ಷಮೆ ಕೇಳೋದು ಹಾಗೇ ಮೇಡಂ."

"ಅದು ಅಜ್ಜನಿಗೆ ಗೊತ್ತಾ?"

ವಿಷಯ ಮೇಲಕ್ಕೆ ಹೋಯಿತು. ಶುಕ್ರವಾರ ನಿರ್ದೇಶಕರ ತೀರ್ಮಾನ: ಇಲ್ಲಿರಬೇಕೋ, ವಿಮಾನ ಹತ್ತಬೇಕೋ.

ಜನವರಿ 13

ಅಕ್ಕನಿಗೆ ಫೋನ್. ನಕ್ಕೂ ನಕ್ಕೂ ಅವಳಿಗೆ ಕೆಮ್ಮು ಬಂತು.

"ಕೈ ಕುಲುಕದೆ ಬಂದಿದ್ರೆ ನಾನೇ ಬೈತಿದ್ದೆ ಕಣೇ. ಆ ಮುದುಕನ ಹತ್ರ ಜನ್ಮ ಪೂರ್ತಿ ಜಗಳ ಕಾಯ್ತಿದ್ದೆಯಾ?"

"ವಾಪಸ್ ಕಳಿಸ್ತಾರೆ ಅಕ್ಕಾ."

"ಕಳಿಸ್ಲಿ. ಕುರಿ ಸೂಪ್ ಮಾಡಿಟ್ಟಿರ್ತೀನಿ." ಆಮೇಲೆ ದನಿ ತಗ್ಗಿಸಿ, "ಕಳಿಸಲ್ಲ ಬಿಡೇ."

ಕವಿತೆಯ ಪುಸ್ತಕ ತೆರೆದೆ. ಒಂದು ಸಾಲೂ ಒಳಗಿಳಿಯಲಿಲ್ಲ.

ಜನವರಿ 16, ಶುಕ್ರವಾರ

ಇಷ್ಟು ದಿನ ಬರೀ ಟವೆಲ್ ಮಡಿಸುವ ಕೆಲಸ. ಬರೆಯಲು ಏನಿತ್ತು?

ಬೆಳಿಗ್ಗೆ ಮೇಡಂ ಬಾಗಿಲಲ್ಲಿ ನಿಂತರು. "ಇನಾಗಾಕಿ ಅಜ್ಜ ಸ್ನಾನಕ್ಕೆ ಒಪ್ತಾ ಇಲ್ಲ. ನಿಮ್ಮನ್ನೇ ಕರೀಬೇಕಂತೆ."

"ಬೈಯೋದಕ್ಕಾ?"

"ಗೊತ್ತಿಲ್ಲ. ನಿಮ್ಮೂರಿನ ಪದ್ಧತಿ ಅವರಿಗೆ ಹೇಳಿದೆ. ಅಷ್ಟೇ."

ಅಜ್ಜ ಗಂಟುಮುಖ ಹಾಕಿಕೊಂಡೇ ಕೂತಿದ್ದರು. "ಅವತ್ತು ನಾನು ಕೈ ಕಿತ್ಕೊಂಡೆ. ಅಂದ್ರೆ ಜಗಳ ಇನ್ನೂ ಹಾಗೇ ಇದೆ?"

"ಹೌದು ಅಜ್ಜಾ."

"ತೊಂಬತ್ತು ದಾಟಿದೆ ನನಗೆ. ಹೊಸ ಜಗಳಕ್ಕೆಲ್ಲ ಪುರುಸೊತ್ತಿಲ್ಲ."

ಚಪ್ಪಲಿ ಹಾಕಿದ ಕಾಲನ್ನು ಮೆಲ್ಲಗೆ ಮುಂದೆ ಸರಿಸಿದರು. ನನ್ನ ಶೂ ಮೇಲಿಟ್ಟು ಬೇಕೆಂದೇ ಒತ್ತಿದರು. ಆಮೇಲೆ ಕೈ ಚಾಚಿದರು. ಒಣಗಿದ, ಬೆಚ್ಚಗಿನ ಕೈ. ಮೇಡಂ ತಿರುಗಿ ನಿಂತು ನೀರಿನ ಬಿಸಿ ನೋಡುತ್ತಿದ್ದರು, ನಗುವಿಗೆ ಭುಜ ಕುಲುಕುತ್ತಿತ್ತು.

ಮಧ್ಯಾಹ್ನ ನಿರ್ದೇಶಕರು ಒಂದೇ ಮಾತು ಹೇಳಿದರು: "ಮುಂದೆ ಕೇಳಿ ಮುಟ್ಟಿ." ಅಂದರೆ, ಮುಂದೆ ಎಂಬುದಿದೆ.

ಈಗ ಉಸಿರು ಸಲೀಸು. ಹಿಮ ಕೂಡ ಚೆನ್ನಾಗಿ ಕಾಣುತ್ತಿದೆ. ಅಕ್ಕನ ಫೋನ್ ಬರುತ್ತಿದೆ... ಸೂಪ್ ಮಾಡಬೇಡ ಎನ್ನಬೇಕು. ಅಲ್ಲ, ಮಾಡಲಿ, ಅವಳೇ ಕುಡಿಯಲಿ, ನಾನಂತೂ ಇಲ್ಲೇ—