ನಮ್ಮ ಮನೆಯ ಮೂಗನ್ನು ಹಿಂದಿರುಗಿಸಿ

ಜಂಗಮವಾಡಿ, ವಾರಾಣಸಿ
ಜನವರಿ ೧೯೯೨

ಮೂಗುಳ್ಳ ಮಹಾಜನರೇ, ಮೂಗು ಮುರಿಯುವ ಮಹನೀಯರೇ, ಎಲ್ಲರಿಗಿಂತ ಮುಂದಾಗಿ ಮಾನ್ಯ ಅಡುಗೆ ಅನಿಲ ತಪಾಸಣಾಧಿಕಾರಿಗಳೇ,

ನಮ್ಮ ಅಡುಗೆಮನೆಯಿಂದ ತಾವು ಹೊತ್ತೊಯ್ದ ಪೆಟ್ಟಿಗೆಯನ್ನು ವಾಪಸು ಕೊಡಿ. ಹಿಂದಿಯಲ್ಲಿ ಅರ್ಜಿ ಹಾಕಿದೆ, ಉತ್ತರ ಬರಲಿಲ್ಲ. ಕಚೇರಿಗೆ ಬಂದೆ, ಕುರ್ಚಿ ಇತ್ತು, ತಾವಿರಲಿಲ್ಲ. ಆದ್ದರಿಂದ ನಾಲ್ಕು ಜನ ಓದಲೆಂದು ಊರ ಕಡೆಯ ಪತ್ರಿಕೆಯಲ್ಲಿ, ಕನ್ನಡದಲ್ಲೇ ಕೂಗುತ್ತಿದ್ದೇನೆ.

ಅದೇನು ಪೆಟ್ಟಿಗೆಯೆಂದು ತಾವು ಕೇಳಲೇ ಇಲ್ಲ, ಈಗ ಕೇಳಿ. ಅದನ್ನು ಮಾಡಿಕೊಟ್ಟವಳು ನನ್ನ ತಂಗಿಯ ಮಗಳು ಮಾಲವಿಕಾ, ಇಲ್ಲೇ ಸಂಶೋಧನೆ ಮಾಡುತ್ತಾಳೆ. ತವರದ ಆಕ್ಸೈಡಿನ ನುಣ್ಣನೆಯ ಪುಡಿಗೆ ಪಲಾಡಿಯಂ ಎಂಬ ಲೋಹವನ್ನು, ಒಗ್ಗರಣೆಗೆ ಇಂಗು ಹಾಕಿದ ಹಾಗೆ, ಚಿಟಿಕೆಯಷ್ಟು ಬೆರೆಸಿ, ಪೆಟ್ಟಿಗೆಯೊಳಗೆ ಸದಾ ಬಿಸಿಯಾಗಿರುವಂತೆ ಇಟ್ಟಿದ್ದಾಳೆ. ಉರಿಯುವ ಅನಿಲ ಸೋಕಿದೊಡನೆ ಅದರೊಳಗೆ ವಿದ್ಯುತ್ತು ಸರಾಗವಾಗಿ ಹರಿದು ಪೆಟ್ಟಿಗೆ ಕೂಗುತ್ತದೆ. ಕಣ ಎಷ್ಟು ಸಣ್ಣದೋ ಮೂಗು ಅಷ್ಟು ಚುರುಕು. ಇಂಥ ಮೂಗು ನಮಗೇಕೆ? ಹೋದ ವರ್ಷದ ಜ್ವರದಲ್ಲಿ ನನ್ನ ಹೆಂಡತಿ ವಸುಮತಿಗೆ ವಾಸನೆ ತಿಳಿಯುವ ಶಕ್ತಿಯೇ ಹೋಯಿತು. "ನನ್ನ ಮೂಗು ಈಗ ಬರೇ ಮೂಗುತಿ ಇಡಾಕ ಐತ್ರಿ," ಎನ್ನುತ್ತಾಳೆ. ಇಲಿ ರಬ್ಬರ್ ನಳಿಕೆ ಕಡಿದ ದಿನ, ಅವಳು ಕಡ್ಡಿ ಗೀರುವ ಮೊದಲೇ ಪೆಟ್ಟಿಗೆ ಕೂಗಿತು. ಅದಕ್ಕೇ ಅವಳಿದ್ದಾಳೆ, ನಾನೂ ಇದ್ದೇನೆ.

ತಾವು ಬಂದದ್ದು ನಮ್ಮ ಪೂಜೆಯ ಹೊತ್ತಿಗೆ. ನಾವು ಅಡುಗೆಮನೆಯ ಮೂಲೆಯಲ್ಲಿ ನೆಲದ ಮೇಲೆ ಕೂತು, ಅಂಗೈಯಲ್ಲಿ ಲಿಂಗ ಹಿಡಿದು ಪೂಜಿಸುವವರು. ಕರ್ಪೂರ ಉರಿಯುವುದೂ ನೆಲದ ಮಟ್ಟದಲ್ಲೇ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ನೆಲ ಹಿಡಿದೇ ಹರಿಯುತ್ತದೆ. ಹಾಗಾಗಿ ಪೆಟ್ಟಿಗೆಯೂ ಅಲ್ಲೇ. ಕರ್ಪೂರಕ್ಕೂ ಅದು ಕೂಗುತ್ತದೆ, ನಿಜ. ಅದಕ್ಕೇ ಆರತಿಗೆ ಮುಂಚೆ ಅದರ ಮೇಲೊಂದು ಬಟ್ಟಲು ಮುಚ್ಚುವುದು ನಮ್ಮ ಮನೆಯ ಪದ್ಧತಿ. ಅಂದು ಸಾಹೇಬರು ಬಂದರೆಂಬ ಗಡಿಬಿಡಿಯಲ್ಲಿ ಆ ಬಟ್ಟಲಿನಲ್ಲಿ ತಮಗೆ ಪಾಯಸ ಕೊಟ್ಟುಬಿಟ್ಟೆವು! ತಾವು ಉಂಡಿರಿ, ಕರ್ಪೂರ ಹೊತ್ತಿತು, ಪೆಟ್ಟಿಗೆ ಕಿರುಚಿತು.

"ಅರೇ ಭಾಯ್‌ಸಾಹಬ್, ಗ್ಯಾಸ್ ತೋ ಊಪರ್ ಜಾತೀ ಹೈ! ನಾಕ್ ಹೈ ನಾ? ಸೂಂಘ್ ಲೀಜಿಯೇ!" ಎಂದಿರಿ. ಅನಿಲ ಮೇಲಕ್ಕೆ ಹೋಗುತ್ತದಂತೆ, ಮೂಗಿದೆಯಲ್ಲ, ಮೂಸಬೇಕಂತೆ. ಪಾಯಸ ಮುಗಿಸಿ, ಅನುಮತಿಯಿಲ್ಲದ ಉಪಕರಣವೆಂದು ಅದನ್ನೆತ್ತಿಕೊಂಡು ನಡೆದಿರಿ. ಇದ್ಯಾವ ನ್ಯಾಯ ಸ್ವಾಮಿ? ಕೂಗಿದರೆ ಅಪರಾಧ, ಕೂಗದಿದ್ದರೆ ಪ್ರಮಾದ! ಸತ್ತರೆ ಸುಡಲು ಮಣಿಕರ್ಣಿಕಾ ಘಾಟ್ ಹತ್ತಿರದಲ್ಲೇ ಇದೆಯಲ್ಲ ಎಂದು ಸಮಾಧಾನ ಹೇಳಬೇಡಿ. ನಾವು ಲಿಂಗವಂತರು, ನಮ್ಮಲ್ಲಿ ಹೂಳುತ್ತಾರೆ, ಸುಡುವುದಿಲ್ಲ.

ಬರುವ ಸೋಮವಾರದೊಳಗೆ ಪೆಟ್ಟಿಗೆ ಮನೆ ಸೇರಬೇಕು. ಇಲ್ಲವಾದರೆ ಬ್ಯಾಂಕಿಗೆ ರಜೆ ಹಾಕಿ, ತಮ್ಮ ಕಚೇರಿಯ ಬಾಗಿಲಲ್ಲಿ ಕೂತು ನಾನೇ ಕೂಗುತ್ತೇನೆ. ನನ್ನ ಮೇಲೆ ಮುಚ್ಚುವಷ್ಟು ದೊಡ್ಡ ಬಟ್ಟಲು ತಮ್ಮಲ್ಲಿಲ್ಲ.

ಸಾಕು ಈ ಪ್ರಾಸ, ಈ ಪರಿಹಾಸ. ಪೆಟ್ಟಿಗೆ ಹೋದಂದಿನಿಂದ, ವಸುಮತಿ ಒಲೆ ಹಚ್ಚುವ ಮೊದಲು ನಾನು ನೆಲಕ್ಕೆ ಬಗ್ಗಿ ಮೂಸುತ್ತೇನೆ. "ಪೆಟ್ಟಿಗಿ ಹೋತು, ನಾಯಿ ಬಂತು ನೋಡ್ರಿ," ಎಂದು ಅವಳು ನಗುತ್ತಿದ್ದಳು. ಇಂದು ನನಗೆ ನೆಗಡಿ. ಮಧ್ಯಾಹ್ನವಾಯಿತು, ಇಬ್ಬರೂ ಕಡ್ಡಿಪೆಟ್ಟಿಗೆ ಮುಟ್ಟಿಲ್ಲ.

ಇಂತಿ,
ಮೂಗು ಕಟ್ಟಿಕೊಂಡು ಕೂತಿರುವ
ಶಿವಬಸಯ್ಯ